ಐನೂರು ತಾಳುವ ಕಾಲು

ಹಿಂಬದಿಯಲ್ಲಿ ಮುನ್ನೂರು ಅಶ್ವಶಕ್ತಿಯಷ್ಟೇ ತಾಳುವ ಸ್ಟರ್ನ್‌ಡ್ರೈವ್ ಇದ್ದ ಸ್ಪೀಡ್ ಬೋಟಿಗೆ ಮಾಲೀಕ ಐನೂರರ ಎಂಜಿನ್ ಹಾಕಿಸಿದ. ಹನ್ನೊಂದನೆಯ ದಿನ, ಪೂರ್ತಿ ವೇಗದಲ್ಲಿ, ಡ್ರೈವಿನ ಕುತ್ತಿಗೆ ಮುರಿಯಿತು. ಬೋಟು ಗಿರ್ರನೆ ತಿರುಗಿತು. ಓಡಿಸುತ್ತಿದ್ದವನು ಹೊರಗೆ ಹಾರಿಬಿದ್ದು ಸತ್ತ.

ಎಂಜಿನ್ ಕಟ್ಟಿದ್ದು ಅವಳು, ಶೆಡ್ಡಿನವರೆಲ್ಲ ಫಿಟ್ಟರಕ್ಕ ಎಂದು ಕರೆಯುವವಳು. “ತಾಳಲ್ಲ ಸರ್” ಎಂದು ಒಂದು ಸಲ ಹೇಳಿದ್ದಳು, ಅದೂ ಗಂಟಲೊಳಗೇ. “ತಾಳುತ್ತೆ, ಕಟ್ಟು” ಎಂದಿದ್ದ ಮಾಲೀಕ. ಕಟ್ಟಿದ್ದಳು.

ಅದಾಗಿ ನಾಲ್ಕನೆಯ ಬೆಳಿಗ್ಗೆ ಬದಲಿ ಡ್ರೈವ್ ಆರಿಸಲು ಬಿಡಿಭಾಗಗಳ ಅಂಗಡಿಗೆ ಅದೇ ಮಾಲೀಕ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದ. ಮುಂದಿನ ಸೀಟಿನಲ್ಲಿ. ಒಂಬತ್ತು ವರ್ಷದಲ್ಲಿ ಇದೇ ಮೊದಲು.

ಸತ್ತವನ ನಂತರ ಬೋಟು ಓಡಿಸುವ ಸರದಿ ಅವಳ ತಮ್ಮನದು. ಬೆಳಿಗ್ಗೆ ಅವನು, “ನೀನು ಕಟ್ಟಿದ್ರೆ ಸಾಕಕ್ಕ, ಕಣ್ಮುಚ್ಕೊಂಡು ಓಡಿಸ್ತೀನಿ” ಎಂದಿದ್ದ. “ಕಣ್ಣು ಬಿಟ್ಕೊಂಡೇ ಓಡಿಸು ಪುಣ್ಯಾತ್ಮ” ಎಂದು ಗದರಿದ್ದಳು.

ಅಂಗಡಿಯ ಹಿಂದಿನ ಗೋದಾಮಿನಲ್ಲಿ ಮೂರು ಡ್ರೈವುಗಳು ಸ್ಟ್ಯಾಂಡಿನ ಮೇಲೆ ನಿಂತಿದ್ದವು. ಬೋಟಿನ ಹಿಂಬದಿಗೆ ಜೋತುಬಿದ್ದು ಒಳಗಿನ ಎಂಜಿನ್ನಿನ ಬಲವನ್ನು ಪ್ರೊಪೆಲ್ಲರಿಗೆ ದಾಟಿಸುವ ಇದಕ್ಕೆ ಕೆಲಸದವರು ಕಾಲು ಎನ್ನುತ್ತಾರೆ. ಒಂದು ಹೊಚ್ಚಹೊಸದು, ಐನೂರೈವತ್ತು ತಾಳುವಂಥದ್ದು. ಇನ್ನೊಂದು ಅದೇ ಜಾತಿಯದು, ಆದರೆ ಬಳಸಿದ್ದು. ಕಪ್ಪು ಬಣ್ಣ ಮಾಸಿ ಮೈಯೆಲ್ಲ ಗೀರು. ಮೂರನೆಯದು ಮುನ್ನೂರರದು. ಮುರಿದದ್ದರ ಅವಳಿ.

ಮಾಲೀಕ ನೇರ ಹೋಗಿ ಮೂರನೆಯದರ ಮುಂದೆ ನಿಂತ. ಈ ಸಲವೂ ಗಂಟಲೊಳಗೇ ಹೇಳಿದರೆ ನೀರಿನಿಂದ ಎತ್ತಬೇಕಾದದ್ದು ತಮ್ಮನನ್ನು.

“ಅದು ಬೇಡ ಸರ್. ಅದೂ ಮುರಿಯುತ್ತೆ. ಐನೂರು ತಾಳೋದೇ ಬೇಕು.” ಧ್ವನಿ ನಡುಗಿತು. ಆದರೆ ಹೊರಗೆ ಬಂತು.

“ಆಯ್ತಮ್ಮ, ತಾಳೋದೇ ತಗೊಳ್ಳೋಣ. ಅದಕ್ಕೇ ಅಲ್ವಾ ನಿನ್ನ ಕರ್ಕೊಂಡು ಬಂದಿದ್ದು.”

ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಒಪ್ಪಿಗೆಗೆ ಆಗಿರಲಿಲ್ಲ. ಹೆದರಿಕೆ ಇಳಿಯುವ ಬದಲು ಇನ್ನೊಂದು ಮೆಟ್ಟಿಲು ಏರಿತು.

“ಹಾಗಾದ್ರೆ ಹೊಸದನ್ನೇ...”

“ಹೊಸದು ಬೇಡ. ತೀರಾ ಹೊಳೆಯುತ್ತೆ.”

ಅಂಗಡಿಯ ಮುದುಕ ನಕ್ಕ. “ಮೂವತ್ತು ವರ್ಷದಿಂದ ವ್ಯಾಪಾರ ಮಾಡ್ತಿದೀನಿ. ಹೊಳಪು ಜಾಸ್ತಿ ಆಯ್ತು ಅಂದ ಗಿರಾಕಿ ನೀವೇ ಮೊದಲು ಸ್ವಾಮಿ.”

ಮಾಲೀಕ ನಗಲಿಲ್ಲ. ಬಳಸಿದ್ದರ ಗೀರುಗಳ ಮೇಲೆ ಬೆರಳಾಡಿಸಿದ. “ಪ್ಲೇಟಿನ ಮೇಲೆ ಎಷ್ಟಿದೆ, ಓದು.”

“ಐನೂರೈವತ್ತು ಸರ್.”

“ಅಕ್ಷರ ಚೆನ್ನಾಗಿ ಕಾಣುತ್ತಾ?”

“ಕಾಣುತ್ತೆ.”

“ಇದೇ ಇರಲಿ.”

ಅವಳು ಮೊಣಕಾಲೂರಿದಳು. ಹಳೆಯದಾದರೂ ಒಳಗು ಗಟ್ಟಿಯಿದ್ದರೆ ಸಾಕು. ತಳದ ತಿರುಪು ಬಿಚ್ಚಿ ಎಣ್ಣೆಯನ್ನು ಬೆರಳ ನಡುವೆ ತಿಕ್ಕಿ ನೋಡಿದಳು. ಲೋಹದ ಪುಡಿ ಸಿಗಲಿಲ್ಲ. ಶಾಫ್ಟನ್ನು ಕೈಯಿಂದ ತಿರುಗಿಸಿ ಹಲ್ಲಿಗೆ ಹಲ್ಲು ಕೂರುವ ಸದ್ದಿಗೆ ಕಿವಿಗೊಟ್ಟಳು. ಗೇರಿನ ಅನುಪಾತ ಆ ಎಂಜಿನ್ನಿಗೆ ಹೊಂದುವುದೇ ಎಂದು ಎರಡು ಸಲ ಮನಸ್ಸಿನಲ್ಲೇ ಗುಣಿಸಿ ಭಾಗಿಸಿದಳು. ಮಾಲೀಕ ಅನುಪಾತ ಎಷ್ಟೆಂದು ಕೇಳಲೂ ಇಲ್ಲ.

“ರಬ್ಬರ್ ಸೀಲುಗಳು ಒಣಗಿವೆ ಸರ್. ಬದಲಾಯಿಸೋಕೆ ಎರಡು ದಿನ ಬೇಕು.”

“ಅದೆಲ್ಲ ಬೇಡ. ನಾಳೆ ಬೆಳಿಗ್ಗೆ ತಪಾಸಣೆಯವರು ಬರ್ತಾರೆ. ಅಷ್ಟರಲ್ಲಿ ಬೋಟಿಗೆ ಕೂತಿರಬೇಕು.”

“ಸೀಲ್ ಸೋರಿದ್ರೆ ಒಳಗೆ ನೀರು...”

“ಸೋರಲ್ಲ, ಬಿಡು.”

ಅದೇ ‘ತಾಳುತ್ತೆ, ಕಟ್ಟು’ ಎಂಬ ದನಿ.

ಶೆಡ್ಡಿಗೆ ಬಂದರೆ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರಿಗೂ ರಜೆ ಕೊಟ್ಟಾಗಿತ್ತು. ಮುರಿದ ಕಾಲನ್ನು ಯಾರೋ ಬಿಚ್ಚಿಯೂ ಆಗಿತ್ತು. “ಹಳೇದೆಲ್ಲಿ ಸರ್?” “ಗುಜರಿಗೆ ಹೋಯ್ತು.” ಬೋಟನ್ನು ಮಾತ್ರ ಯಾರೂ ತೊಳೆದಿರಲಿಲ್ಲ; ತೊಳೆಯಕೂಡದೆಂದು ಮಾಲೀಕನ ಅಪ್ಪಣೆಯಾಗಿತ್ತು. ಸತ್ತವನ ಒಂದು ಚಪ್ಪಲಿ ಇನ್ನೂ ಸೀಟಿನ ಅಡಿಯಲ್ಲಿತ್ತು. ಇಂಥ ಮನುಷ್ಯನಿಗೆ ಅದೂ ಕಣ್ಣಿಗೆ ಬೀಳುವುದಿಲ್ಲವಲ್ಲ ಎಂದುಕೊಂಡಳು.

ಮಾಲೀಕ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋದಾಗ ಅವಳು ತನ್ನ ಪೆಟ್ಟಿಗೆಯಿಂದ ಹೊಸ ಸೀಲುಗಳನ್ನು ತೆಗೆದು, ಕದ್ದುಮುಚ್ಚಿ, ಕೈಗೆ ಸಿಕ್ಕಷ್ಟನ್ನು ಬದಲಾಯಿಸಿದಳು. ಹೆಜ್ಜೆ ಸಪ್ಪಳವಾದರೆ ಸೀಲನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಹೋಗಲಿ. ತಮ್ಮ ಹೋಗಬಾರದು.

ಸಂಜೆ ನಾಲ್ಕಕ್ಕೆ ಆರನೆಯ, ಕೊನೆಯ ನಟ್ಟು ಬಿಗಿಯಾಯಿತು.

“ಎಣ್ಣೆ ತುಂಬಿಸ್ತೀನಿ ಸರ್. ನೀರಿಗಿಳಿಸಿ ನೋಡೋಣ. ಮೊದಲು ನಾನೇ ಕೂರ್ತೀನಿ, ತಮ್ಮ ಆಮೇಲೆ ಓಡಿಸ್ಲಿ.”

“ತಮ್ಮ ಯಾಕೆ ಬಂದ ಮಧ್ಯೆ?” ಮಾಲೀಕ ಶೆಡ್ಡಿನ ಬಾಗಿಲೆಳೆದು ಚಿಲಕ ಹಾಕಿದ. ಗೋಡೆಗೆ ಒರಗಿಸಿದ್ದ ದೊಡ್ಡ ಸುತ್ತಿಗೆಯನ್ನು ತಂದು ಅವಳ ಕೈಗಿಟ್ಟ. “ಈ ಬೋಟು ಇನ್ನು ನೀರು ಕಾಣಲ್ಲಮ್ಮ. ಹಳೇದು ಎಲ್ಲಿ ಮುರಿದಿತ್ತೋ, ಸರಿಯಾಗಿ ಅಲ್ಲೇ ಇದನ್ನೂ ಒಡಿ. ನಾಳೆ ಬರೋರು ಐನೂರೈವತ್ತರ ಪ್ಲೇಟ್ ಓದ್ಕೊಳ್ಳಲಿ. ಕಾಲು ಸರಿಯಾಗೇ ಇತ್ತು, ಅವನೇ ಕಂಡಾಪಟ್ಟೆ ಓಡಿಸಿ ಬಂಡೆಗೆ ಗುದ್ದಿದ ಅಂತ ಬರ್ಕೊಳ್ಳಲಿ. ಎಂಜಿನ್ ಕಟ್ಟಿದವಳು ನೀನೇ, ನಿನಗೂ ಒಳ್ಳೇದೇ.”

ಅವಳು ಸುತ್ತಿಗೆಯನ್ನು ನೆಲಕ್ಕಿಟ್ಟಳು. ಡ್ರೈವಿಗೇ ಬೆನ್ನು ಕೊಟ್ಟು ಕುಳಿತಳು. “ಒಡೆಯಲ್ಲ ಸರ್. ಅವರು ಬರೋ ತನಕ ಇಲ್ಲಿಂದ ಏಳೋದೂ ಇಲ್ಲ.”