ಗಿಲಾಂಗನ ದಪ್ಪ ಪಟ್ಟಿ

"ನನ್ನ ಮಗನ ಪಟ್ಟಿ ಎಲ್ಲಿ ಹೋಯ್ತು?" ಎನ್ನುತ್ತಲೇ, ಎಲ್ಲರೂ ಇಬು, ಅಂದರೆ ಅಮ್ಮ, ಎಂದು ಕರೆಯುವ ಸುಮರ್ತಿ ವೆನಿಂಗ್‌ಳ ಕೋಣೆಯೊಳಗೆ ಬಂದರು. ಬಾಟಿಕ್ ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ತಂದಿದ್ದ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಮೆಲ್ಲಗೆ ಇಳಿಸಿದರು. "ನಿನ್ನೆ ಏನೋ ಕೇಳ್ತು, ಹೌದು ಅಂತ ಒತ್ತಿದೆ. ಅದು ಕೇಳಿದ್ದಕ್ಕೆಲ್ಲ ಹೌದು ಅನ್ನು ಅಂತ ಗಿಲಾಂಗ್ ಹೇಳಿಕೊಟ್ಟಿದ್ದ. ಬೆಳಿಗ್ಗೆ ತೆಗೆದ್ರೆ ಗಡಿಯಾರ ಇಲ್ಲ, ಗುಂಡಿ ಇಲ್ಲ. ಗಾಜು ಒರೆಸಿಟ್ಟ ಹಾಗಿದೆ."

ಏನಾಗಿದೆಯೆಂದು ವೆನಿಂಗ್‌ಗೆ ನೋಡದೆಯೇ ಗೊತ್ತಾಯಿತು. ಅವಳೂ ಗಿಲಾಂಗನೂ ಸೇರಿ ಯೋಗ್ಯಕರ್ತಾ ಊರಿನ ನಾಲ್ಕೈದು ಗೆಳೆಯರು ಸಂಬಳವಿಲ್ಲದೆ ಕಟ್ಟಿ, ದ್ವೀಪದ್ವೀಪಗಳ ಶಾಲೆಗಳಿಗೆ ಹಂಚಿದ ಕಂಪ್ಯೂಟರ್ ವ್ಯವಸ್ಥೆ ಅದು. ಪರದೆಯ ತಳದಲ್ಲಿ ಹೆಬ್ಬೆರಳು ದಪ್ಪದ ಕಪ್ಪು ಪಟ್ಟಿ, ಅದರಲ್ಲಿ ದೊಡ್ಡ ಅಂಕಿಗಳ ಗಡಿಯಾರ, ನಾಲ್ಕೇ ನಾಲ್ಕು ಗುಂಡಿ. ಗಿಲಾಂಗ್ ಮಾಡಿದ್ದು. ಅದನ್ನು ತೆಗೆಯೋಣವೆಂದು ವೆನಿಂಗ್ ಎರಡು ವರ್ಷ ಅವನೊಡನೆ ಜಗಳವಾಡಿದ್ದಳು. ಅವನು ಕಾರಣ ಹೇಳದೆ "ಇರ್ಲಿ ಬಿಡು" ಎನ್ನುತ್ತಿದ್ದ. ಕೊನೆಗೆ ಇಬ್ಬರ ನಡುವೆ ಮಾತೇ ನಿಂತಿತು. ಅವನು ಸತ್ತ ಮೂರು ತಿಂಗಳಿಗೆ, ಹೋದ ವಾರ, ಪ್ರಯೋಗದ ಆವೃತ್ತಿಯಲ್ಲಿ ಅವಳು ಆ ಪಟ್ಟಿಯನ್ನು ಕಿತ್ತುಹಾಕಿದ್ದಳು. ಪ್ರಯೋಗದ ಆವೃತ್ತಿಗಳೆಲ್ಲ ತಾಯಿಯ ಯಂತ್ರಕ್ಕೂ ಹೋಗುವಂತೆ ಅವನು ಇಟ್ಟಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

"ಹಳೇದನ್ನೇ ಹಾಕ್ಕೊಡ್ತೀನಿ, ಇಬು. ಹತ್ತು ನಿಮಿಷ."

"ಅಷ್ಟೇನಾ? ಹೊಸದು ಕೊಂಡ್ಕೊಳ್ಳಿ ಅಜ್ಜಿ ಅಂತ ರಿಕ್ಷಾದವನು ದಾರಿಯುದ್ದಕ್ಕೂ ತಲೆ ತಿಂದ." ಇಬು ನಕ್ಕರು. "ಹೊಸದು ತಗೊಂಡು ಏನ್ಮಾಡ್ಲಿ? ಅವನ ಪಟ್ಟಿ ಬಿಟ್ರೆ ನಂಗೆ ಬೇರೇನೂ ಕಾಣಲ್ಲ. ಈ ಕಣ್ಣು ಹೀಗಾದ ಮೇಲೇ ಅಲ್ವಾ ಅವನು ಅಷ್ಟು ದೊಡ್ಡದು ಮಾಡಿದ್ದು?"

ವೆನಿಂಗ್ ಟೈಪು ಮಾಡುವುದನ್ನು ನಿಲ್ಲಿಸಿದಳು. ಹೊರಗೆ ಯಾರೋ ಅಂಗಳ ಗುಡಿಸುತ್ತಿದ್ದರು.

"ಯಾಕೆ ತೆಗೆದ್ರು ಅದನ್ನ?"

"ಜನ ಕೇಳಿದ್ರು, ಇಬು."

"ಏನಂತ ಕೇಳಿದ್ರು? ಓದು ನೋಡೋಣ."

ಹೊಸ ಆವೃತ್ತಿಯ ಬಗ್ಗೆ ಜನ ಬರೆದ ಪುಟವನ್ನು ವೆನಿಂಗ್ ತೆರೆದಳು. ಮೇಲಿನ ಸಾಲುಗಳನ್ನು ಬೇಗ ದಾಟಿಸಿ, ನಡುವಿನಿಂದ ಓದತೊಡಗಿದಳು. "ಈಗ ಚೆನ್ನಾಗಿದೆ... ಮೊದಲಿನದು ಸ್ವಲ್ಪ ಜಾಗ ತಿನ್ನುತ್ತಿತ್ತು..."

"ನಲವತ್ತು ವರ್ಷ ಮಕ್ಕಳಿಗೆ ಪಾಠ ಓದಿಸಿದೋಳು ನಾನು. ನೀನು ನುಂಗಿ ಓದ್ತಿರೋದು ಗೊತ್ತಾಗಲ್ವಾ? ಅಕ್ಷರ ದೊಡ್ಡದು ಮಾಡು."

ಅಕ್ಷರಗಳು ದೊಡ್ಡದಾದವು. ಇಬು ಮೂಗು ತಾಗುವಷ್ಟು ಹತ್ತಿರ ಹೋಗಿ, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದರು. ಒಬ್ಬರು: ಕೊನೆಗೂ ಚರಂಡಿ ಮುಚ್ಚಿತು. ಮಕಸ್ಸರ್ ಊರಿನ ಮೇಷ್ಟ್ರೊಬ್ಬರು: ಆರು ವರ್ಷ ನನ್ನ ಪರದೆಯ ಮೇಲೆ ಮಲಗಿದ್ದ ಎಮ್ಮೆ ಎದ್ದು ಹೋಯಿತು. ಇನ್ನೊಬ್ಬರು: ಇದನ್ನು ಮಾಡಿದವನ ಕಣ್ಣಿಗೆ ಏನಾಗಿತ್ತೋ!

"ಅವನ ಕಣ್ಣಿಗಲ್ಲ," ಎಂದರು ಇಬು, ಪರದೆಗೆ. ಆಮೇಲೆ ಹಿಂದಕ್ಕೆ ಒರಗಿ ಕನ್ನಡಕ ತೆಗೆದರು. "ಬರಿ ಮಗಳೇ, ನಾ ಹೇಳ್ತೀನಿ. ನಾನು ಗಿಲಾಂಗನ ತಾಯಿ. ಆ ಪಟ್ಟಿ ಮಾಡಿದ ನನ್ನ ಮಗ ಈಗ ಇಲ್ಲ. ನನಗೆ ಕಣ್ಣು ಮಂದ, ಅದಕ್ಕೆ ದೊಡ್ಡದಾಗಿ ಮಾಡಿದ. ಅದರಿಂದ ನಿಮಗೆಲ್ಲ ತೊಂದರೆ ಆಗಿದೆ. ಅವನನ್ನ ಕ್ಷಮಿಸಿ."

"ಇಬು, ಇದಕ್ಕೆಲ್ಲ ಯಾರೂ ಕ್ಷಮೆ ಕೇಳಲ್ಲ. ಜನ ಬಾಯಿಗೆ ಬಂದದ್ದು ಬರೀತಾರೆ, ಮರೀತಾರೆ."

"ಮಣ್ಣು ಮಾಡೋ ದಿನ ಅವನ ಸೋದರಮಾವ ಎದ್ದು ನಿಂತು ಕೇಳಿದ, ಇವನಿಂದ ಯಾರಿಗಾದ್ರೂ ನೋವಾಗಿದ್ರೆ ಕ್ಷಮಿಸಿ ಅಂತ. ಬಂದೋರೆಲ್ಲ ಕ್ಷಮಿಸಿದ್ವಿ ಅಂದ್ರು. ಇವರು ಅಲ್ಲಿರ್ಲಿಲ್ವಲ್ಲ. ಇವರನ್ನ ಯಾರು ಕೇಳಿದ್ರು? ನಾಳಿದ್ದು ಅವನು ಹೋಗಿ ನೂರನೇ ದಿನ, ಪ್ರಾರ್ಥನೆ ಇದೆ. ಇಷ್ಟು ಜನರ ಬೇಜಾರು ಹೊತ್ಕೊಂಡು ಅವನು ಹೇಗೆ ಮಲಗ್ತಾನೆ?"

ಇಬು ಹೇಳಿದಷ್ಟನ್ನೂ ವೆನಿಂಗ್ ಬರೆದು ಕಳಿಸಿದಳು. ನಿಮಿಷಕ್ಕೊಂದು ಮಾತು ಬೀಳುತ್ತಿದ್ದ ಪುಟ ಸ್ತಬ್ಧವಾಯಿತು. ಇಬು ಮತ್ತೆ ಕನ್ನಡಕ ಹಾಕಿಕೊಂಡು, ತೊಡೆಯ ಮೇಲೆ ಕೈಯಿಟ್ಟು ಕಾದರು. ತುಂಬ ಹೊತ್ತಿನ ಮೇಲೆ ಮಕಸ್ಸರ್‌ನ ಮೇಷ್ಟ್ರು ಬರೆದರು: ಕ್ಷಮಿಸಿದ್ದೇನೆ, ಇಬು. ನೀವೂ ನನ್ನನ್ನು ಕ್ಷಮಿಸಿ. ಅದರ ಕೆಳಗೆ ಇನ್ನೊಬ್ಬರು. ಮತ್ತೊಬ್ಬರು. ಪ್ರತಿ ಹೆಸರಿಗೂ ಇಬು ತಲೆ ತಗ್ಗಿಸಿದರು.

ಹೊಸ ಉತ್ತರಗಳಿಗಾಗಿ ಪುಟ ತಾನಾಗಿ ಮತ್ತೆ ತೆರೆದುಕೊಂಡು ಮೊದಲ ಸಾಲಿಗೇ ಬಂದು ನಿಂತಿತು. ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರಗಳಲ್ಲಿ, ಪ್ರಕಟಣೆ: ದಪ್ಪ ಪಟ್ಟಿಯ ಪೀಡೆ ಕೊನೆಗೂ ತೊಲಗಿತು. ಕೆಳಗೆ ವೆನಿಂಗ್ ಹೆಸರು.

ಇಬು ಅದನ್ನು ಗಟ್ಟಿಯಾಗಿ ಓದಲಿಲ್ಲ. ಕನ್ನಡಕ ಮಡಿಸಿಟ್ಟು, ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀನೂ ಅವತ್ತು ಬರ್ಲಿಲ್ಲ ಅಲ್ವಾ," ಎಂದರು. "ನಿಂಗೆ ಬರೆದು ಕೇಳೋದು ಬೇಡ. ಎದುರಿಗೇ ಇದೀಯ." ಎರಡೂ ಕೈ ಜೋಡಿಸಿದರು. "ಗಿಲಾಂಗನನ್ನ ಕ್ಷಮಿಸ್ತೀಯಾ, ಮಗಳೇ?"

ವೆನಿಂಗ್ ಬಾಯಿ ತೆರೆದಳು. ದನಿ ಹೊರಡಲಿಲ್ಲ. ತನಗೇ ಕೇಳಿಸಲಿಲ್ಲವೆಂದುಕೊಂಡು ಇಬು, ಇನ್ನಷ್ಟು ಬಾಗಿ, ಕಿವಿಯನ್ನು ಅವಳ ತುಟಿಯ ಹತ್ತಿರ ತಂದರು.