ಆ ಏಳು ಮಂದಿ

ಬರುವವರು ಆ ಏಳು ಮಂದಿಯ ಸುದ್ದಿ ಎತ್ತದಿದ್ದರೆ ಸಾಕು ಎಂದು ಶಾಹೀಸ್ತಾ ಬೆಳಿಗ್ಗೆ ಡೈರಿಯಲ್ಲಿ ಬರೆದಿದ್ದಳು. ಎತ್ತಿದರೆ ಏನು ಮಾಡಬೇಕು ಎಂಬುದನ್ನು ಬರೆಯಲು ಕೈ ಬರಲಿಲ್ಲ.

ಲಿಂಗಸುಗೂರಿನ ಮಾಜಿ ಸೈನಿಕರ ಸಂಘದ ಸಂಗನಬಸವ ಹನ್ನೊಂದರ ಬಸ್ಸಿಗೆ ತುರ್ವಿಹಾಳದಲ್ಲಿ ಇಳಿದರು. ರಿಟೈರಾದ ಸುಬೇದಾರರು. ಕಾರ್ಗಿಲ್ ದಿನಕ್ಕೆ ಸಂಘ ಒಂದು ಪುಸ್ತಕ ತರುತ್ತಿತ್ತು. ಅದರಲ್ಲಿ ಅವಳ ಅಬ್ಬ ಹುಸೇನ್‌ಸಾಬರದೂ ಒಂದು ಪುಟ. ಮಿಲಿಟರಿ ಪೊಲೀಸಿನಲ್ಲಿ ಇಪ್ಪತ್ತು ವರ್ಷ ದುಡಿದ ಅಬ್ಬ, ಡಬ್ಬಿಯಿಂದ ಮೂರು ಪದಕ ತೆಗೆದು ಟವೆಲ್ ಮೇಲೆ ಸಾಲಾಗಿ ಇಟ್ಟರು.

ಸಂಗನಬಸವ ಕನ್ನಡಕ ಏರಿಸಿ ಒಂದೊಂದನ್ನೇ ಮುಟ್ಟಿದರು. "ಇದು ನನಗೂ ಐತಿ. ಇದೂ ಐತಿ. ಇದು ಒಂಬತ್ತು ವರ್ಷ ನೌಕರಿ ಮಾಡಿದವ್ರಿಗೆಲ್ಲ ಕೊಡ್ತಾರ." ಆಮೇಲೆ ನಕ್ಕರು. "ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮ ಮನಿ ಕೇಳಿದ್ರ, ಏಳು ಮಂದೀನ ಹೊಡದ ಮಿಲ್ಟ್ರಿ ಸಾಬ್ರ ಮನಿಯೇನ್ರಿ ಅಂದ್ರು. ಅದಕ್ಕ ಕೊಟ್ಟ ಮೆಡಲ್ ಎಲ್ಲೈತ್ರಿ, ಹುಸೇನ್‌ಸಾಬ್ರ?"

ಅಬ್ಬ ಸೊಟ್ಟಗಾಗಿದ್ದ ರಿಬ್ಬನ್ನೊಂದನ್ನು ನೆಟ್ಟಗೆ ಮಾಡಿದರು, ಅಷ್ಟೇ.

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಶಾಹೀಸ್ತಾಳಿಗೆ ಐದನೇ ಕ್ಲಾಸಿನ ಆಗಸ್ಟ್ ಹದಿನೈದು ಕಣ್ಮುಂದೆ ಬಂತು. "ನಿಮ್ಮಪ್ಪ ಬರೇ ಸೀಟಿ ಊದೋ ಪೊಲೀಸಂತಲ್ಲೇ" ಎಂದು ಜೊತೆಯಲ್ಲಿ ಓದುತ್ತಿದ್ದ ಭಾಗ್ಯಶ್ರೀ ಹಿಂದಿನ ದಿನ ಆಡಿಕೊಂಡಿದ್ದಳು. ದ್ರಾಸ್ ರಸ್ತೆಯಲ್ಲಿ ಒಂದು ಶೆಲ್ ಬಿದ್ದು ಇನ್ನೊಂದು ಬೀಳುವುದರೊಳಗೆ ಅಬ್ಬ ಲಾರಿಗಳನ್ನು ದಾಟಿಸುತ್ತಿದ್ದರು ಎಂದು ಅವಳ ಭಾಷಣದ ಹಾಳೆಯಲ್ಲಿತ್ತು. ಮೈಕಿನ ಮುಂದೆ ಬಾಯಿಂದ ಬಂದದ್ದು, "ನಮ್ಮ ತಂದೆ ಏಳು ಶತ್ರುಗಳನ್ನು ಕೊಂದರು." ಪದಕ ಹಾಕಿಕೊಂಡು ವೇದಿಕೆಯಲ್ಲಿ ಕೂತಿದ್ದ ಅಬ್ಬ ಅವಳನ್ನೇ ನೋಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಡೆಗೆ ಅವರೂ ತಟ್ಟಿದರು. ಅಂದಿನಿಂದ ಯಾರು ಕೇಳಿದರೂ ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅವಳು ಡಿಗ್ರಿ ಮುಗಿಯುವವರೆಗೆ ಇನ್ನೊಂದು ಮೈಕಿನ ಹತ್ತಿರ ಸುಳಿಯಲಿಲ್ಲ.

ಸಂಗನಬಸವ ಪೆನ್ನಿಗೆ ಮುಚ್ಚಳ ಹಾಕಿದರು. "ತಪ್ಪು ತಿಳ್ಕೋಬ್ಯಾಡ್ರಿ. ಈ ಪುಸ್ತಕ ಓದೋರು ಫೌಜಿಗಳು. ಊರ ತುಂಬ ಸುಳ್ಳು ಹೇಳ್ಕೊಂಡಾಂವನ ಹೆಸರು ನಾ ಹೆಂಗ ಹಾಕ್ಲಿ?"

"ತಪ್ಪು ನಂದ ಐತ್ರಿ," ಎಂದರು ಅಬ್ಬ. ಪದಕಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು. "ಹೆಸರು ಬಿಟ್ಟುಬಿಡ್ರಿ."

ಶಾಹೀಸ್ತಾ ಚಹಾದ ತಟ್ಟೆಯನ್ನು ನೆಲದ ಮೇಲಿಟ್ಟಳು.

"ಕಾಕಾ, ಅಬ್ಬ ಒಬ್ರನ್ನೂ ಹೊಡದಿಲ್ರಿ," ಎಂದಳು. "ಆ ಏಳು ಮಂದೀನ ಹೊಡದಾಕಿ ನಾನು."