ತುಂಗವ್ವನ ತಟ್ಟೆ

ಅಳುಕು ಹೋಗಲೆಂದು ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಚುಚ್ಚುಮದ್ದು ಕೊಡುತ್ತಾರೆ. ತನ್ನ ಸರದಿ ಬಂದ ದಿನ ತುಂಗವ್ವ ದಡಾರ ಎದ್ದು ಮಲಗಿದ್ದಳಂತೆ. ಹಾಗಾಗಿ ನಮ್ಮೂರಿನಲ್ಲಿ ಅಳುಕು ಉಳಿದಿರುವುದು ಆ ಮುದುಕಿಯೊಬ್ಬಳಿಗೇ. ಕನ್ಯೆ ನೋಡುವ ಮನೆಗೆಲ್ಲ ಅವಳನ್ನು ಕರೆಯುತ್ತಾರೆ. ವರನ ಎದುರು ಕೂತು ಅವಳು ಅವಲಕ್ಕಿ ತಿಂದರೆ ಸಂಬಂಧ ಕೂಡಿದಂತೆ.

ಇವತ್ತು ನಮ್ಮ ಪಡಸಾಲೆಯಲ್ಲಿ, ನನ್ನನ್ನು ನೋಡಲು ಬಂದ ವರ ಎರಡನೇ ಸಲ ಅವಲಕ್ಕಿ ಹಾಕಿಸಿಕೊಂಡ. ನಗುಮುಖದವನು, ಒಳ್ಳೆಯ ನೌಕರಿ. ತುಂಗವ್ವ ಮಾತ್ರ ತಟ್ಟೆ ಮುಟ್ಟಲಿಲ್ಲ.

“ಹುಡುಗನೊಳಗ ಏನ್ ಕೊರತಿ ಕಂಡ್ತಬೇ ಆಯಿ? ಕಾರಣ ಹೇಳು,” ಅಪ್ಪ ಅವಳ ಕಿವಿಯ ಬಳಿ ಬಾಗಿ ಕೇಳಿದ.

“ಕಾರಣ ಗೊತ್ತಾಗೂಹಂಗಿದ್ರ ನನ್ನ ಯಾಕ ಕರೀತಿದ್ರಿ? ಎದಿ ಬ್ಯಾಡ ಅಂತೈತಿ, ಅಷ್ಟ.”

“ಗಿರಿಜಾನ ಸಲಾನೂ ಹಿಂಗ ಅಂದಿದ್ಲು,” ಎಂದಳು ಅವ್ವ, ಸಾರಿಗೆ ಉಪ್ಪು ಸಾಲದು ಎಂಬಷ್ಟು ಸಲೀಸಾಗಿ. ಗಂಡನ ಮನೆಯಿಂದ ಹೆಣವಾಗಿ ಬಂದ ಅಕ್ಕ ಗಿರಿಜಾ ಗೋಡೆಯ ಮೇಲೆ, ಮಾಲೆ ಹಾಕಿದ ಫೋಟೋದಲ್ಲಿದ್ದಳು.

“ಬಂದವರ ಮುಂದ ತಟ್ಟಿ ಹಂಗ ಉಳೀಬಾರ್ದು,” ಎಂದ ಅಪ್ಪ.

ಅಕ್ಕನನ್ನು ನೋಡಲು ಬಂದ ದಿನದಂತೆಯೇ ಮೊಣಕಾಲೂರಿ ಕೂತು, ತುಂಗವ್ವನ ಬಾಯಿಗೆ ತುತ್ತಿನ ಮೇಲೆ ತುತ್ತು ತುರುಕಿದ. ಅವಳು ಅಳುತ್ತಲೇ ನುಂಗಿದಳು. ತಟ್ಟೆ ಖಾಲಿಯಾದದ್ದನ್ನು ನೋಡಿ ಎಲ್ಲರ ಮುಖ ಅರಳಿತು.

ತಟ್ಟೆ ಎತ್ತಲು ನಾನು ಬಾಗಿದಾಗ ಅವಳು ನನ್ನ ಮುಂಗೈ ಹಿಡಿದಳು.

“ನಿಂಗರ ಏನೂ ಅನಿಸವಲ್ದೇನವಾ?”

ಎದೆಯೊಳಗೆ ಹುಡುಕಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

“ಇಲ್ಲಬೇ ಆಯಿ,” ಎಂದು ಕೈ ಬಿಡಿಸಿಕೊಂಡು, ಬೀಗರು ಹಿಡಿದ ಸಕ್ಕರೆಗೆ ಬಾಯಿ ತೆರೆದೆ.